ಟೋಕನ್ ಮಿನುಗುತ್ತದೆ, ಸಹಿ ಮಾತ್ರ ಬೀಳುವುದಿಲ್ಲ

ನಮ್ಮ ಭಾವ ಸಣ್ಣ ಕಂಟ್ರಾಕ್ಟರ್. ಚರಂಡಿ, ಕಾಂಪೌಂಡು, ಶಾಲೆಯ ಶೌಚಾಲಯ, ಇಂಥ ಕೆಲಸಗಳಿಗೆ ಟೆಂಡರ್ ಹಾಕುತ್ತಾರೆ. ಈಚೆಗೆ ಒಂದು ಮಧ್ಯಾಹ್ನ ಎರಡೂವರೆಗೆ ಫೋನ್ ಮಾಡಿದರು. ನಾಲ್ಕಕ್ಕೆ ಬಿಡ್ ಕ್ಲೋಸ್. ಇಎಂಡಿ, ಅಂದರೆ ಟೆಂಡರಿನ ಠೇವಣಿ, ಕಟ್ಟಿದ್ದಾಗಿತ್ತು, ರೇಟ್ ತುಂಬಿದ್ದಾಗಿತ್ತು. ಡಿಎಸ್‌ಸಿ ಟೋಕನ್, ಅಂದರೆ ಡಿಜಿಟಲ್ ಸಹಿ ಇರುವ ಪೆನ್‌ಡ್ರೈವ್‌ನಂಥ ಕಡ್ಡಿ, ಲ್ಯಾಪ್‌ಟಾಪಿಗೆ ಚುಚ್ಚಿದ್ದರು, ಅದರ ದೀಪವೂ ಮಿಣಮಿಣ ಅನ್ನುತ್ತಿತ್ತು. ಸಹಿ ಮಾತ್ರ ಬೀಳುತ್ತಿರಲಿಲ್ಲ.

‘ಪರದೆ ಮೇಲೆ ಏನು ಬಂತು ಭಾವ?’

‘ಏನೋ ಇಂಗ್ಲಿಷಲ್ಲಿ ಬಂತಪ್ಪಾ. ಓಕೆ ಒತ್ತಿದೆ, ಹೋಯ್ತು.’

ಈ ಉತ್ತರ ಕೇಳಿ ನನಗೆ ನಗು ಬಂತು, ಆದರೆ ನಗುವ ಹೊತ್ತಲ್ಲ. ಪೋರ್ಟಲ್‌ನ ಹೆಲ್ಪ್‌ಡೆಸ್ಕಿಗೆ ಅವರು ಆಗಲೇ ಫೋನ್ ಮಾಡಿದ್ದರು. ಆಂಟಿವೈರಸ್ ಆಫ್ ಮಾಡಿ, ಫೈರ್‌ವಾಲ್ ಆಫ್ ಮಾಡಿ, ಜಾವಾ ಎಂಬ ತಂತ್ರಾಂಶ ಹಾಕಿ ರೀಸ್ಟಾರ್ಟ್ ಮಾಡಿ ಎಂದಿದ್ದರಂತೆ. ಮೂರನ್ನೂ ಮಾಡಿದ್ದರು. ಮನೆಯ ಬಾಗಿಲು, ಹಿತ್ತಲ ಬಾಗಿಲು, ಕಿಟಕಿ ಎಲ್ಲ ತೆಗೆದಿಟ್ಟ ಮೇಲೂ ಸಹಿ ಒಳಗೆ ಬಂದಿರಲಿಲ್ಲ.

ಇಂಥ ಸಮಸ್ಯೆಗೆ ನಾವೆಲ್ಲ ಇಡುವ ಹೆಸರು ಒಂದೇ: ‘ಪ್ಲಗ್-ಇನ್ ಬ್ಲಾಕ್ ಆಗಿದೆ’. ಆದರೆ ಬ್ಲಾಕ್ ಮಾಡಿದವರು ಯಾರು? ಆಪರೇಟಿಂಗ್ ಸಿಸ್ಟಮ್ಮಾ, ಬ್ರೌಸರಾ, ಜಾವಾನಾ, ಆಂಟಿವೈರಸ್ಸಾ, ಇಲ್ಲ ನಾವೇ ಯಾವಾಗಲೋ ಒತ್ತಿದ ಒಂದು ಗುಂಡಿಯಾ? ಒಬ್ಬೊಬ್ಬರ ಬೀಗಕ್ಕೂ ಬೇರೆ ಬೇರೆ ಕೀಲಿ. ಯಾರು ಬೇಡ ಅಂದರು ಅಂತ ಗೊತ್ತಾಗದೆ ಎಲ್ಲ ಬೀಗ ತೆಗೆಯಲು ಹೊರಟರೆ ಬೇಕಾದ್ದು ತೆರೆಯುವುದಿಲ್ಲ, ಬೇಡದ್ದೆಲ್ಲ ತೆರೆದಿರುತ್ತದೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಪ್ಲಗ್-ಇನ್ ಅಂದರೆ ಬ್ರೌಸರ್ ತನ್ನಿಂದ ಆಗದ ಕೆಲಸಕ್ಕೆ ಹೊರಗಿನಿಂದ ಕರೆಸಿಕೊಂಡ ಆಳು. 1990ರ ದಶಕದ ನಡುವೆ ನೆಟ್‌ಸ್ಕೇಪ್ ಎಂಬ ಬ್ರೌಸರ್ ಈ ಪದ್ಧತಿ ಶುರು ಮಾಡಿತು. ವಿಡಿಯೊ ಬೇಕಾ, ಫ್ಲ್ಯಾಶ್ ಬರುತ್ತಿತ್ತು. ಪುಟದೊಳಗೆ ಒಂದು ಪ್ರೋಗ್ರಾಂ ಓಡಬೇಕಾ, ಜಾವಾ ಆ್ಯಪ್ಲೆಟ್ ಬರುತ್ತಿತ್ತು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಅದೇ ಕೆಲಸಕ್ಕೆ ಆ್ಯಕ್ಟಿವ್‌ಎಕ್ಸ್. ಯುಎಸ್‌ಬಿ ಟೋಕನ್ ಒಳಗಿರುವ ಸಹಿಯನ್ನು ಒಂದು ವೆಬ್ ಪುಟ ತಾನಾಗಿ ಮುಟ್ಟುವಂತಿಲ್ಲ, ಹಾಗಾಗಿ ನಮ್ಮ ತೆರಿಗೆ ಮತ್ತು ಟೆಂಡರ್ ಸೈಟುಗಳು ವರ್ಷಗಟ್ಟಲೆ ಈ ಆಳುಗಳನ್ನೇ ನಂಬಿಕೊಂಡಿದ್ದವು.

ಈ ಆಳಿಗೆ ಮನೆಯ ಎಲ್ಲ ಕೋಣೆಗೂ ಪ್ರವೇಶವಿತ್ತು ಅನ್ನುವುದೇ ತೊಂದರೆ. ಬ್ರೌಸರನ್ನು ಒಂದು ಚೌಕಟ್ಟಿನೊಳಗೆ ಕಟ್ಟಿಹಾಕಬಹುದು. ಪ್ಲಗ್-ಇನ್ ಹೆಚ್ಚೂಕಡಿಮೆ ನಿಮ್ಮದೇ ಅಧಿಕಾರದಲ್ಲಿ ಓಡಾಡುತ್ತಿತ್ತು. ನೀವು ತೆಗೆಯಬಲ್ಲ ಫೈಲು ಅದಕ್ಕೂ ಸಿಗುತ್ತಿತ್ತು. ಅದರಲ್ಲಿ ಒಂದು ತೂತು ಸಿಕ್ಕರೆ ಸಾಕು, ದೂರದ ಯಾವುದೋ ವೆಬ್ ಪುಟ ನಿಮ್ಮ ಯಂತ್ರದೊಳಗೆ ಬಂದು ಕೂರುತ್ತಿತ್ತು. 2012ರಲ್ಲಿ ಫ್ಲ್ಯಾಶ್‌ಬ್ಯಾಕ್ ಎಂಬ ದುಷ್ಟ ತಂತ್ರಾಂಶ ಜಾವಾದ ಇಂಥದೇ ತೂತಿನಿಂದ ನುಗ್ಗಿ ಸುಮಾರು 6 ಲಕ್ಷ ಮ್ಯಾಕ್‌ಗಳನ್ನು ಹಿಡಿದಿತ್ತು. ಮ್ಯಾಕ್‌ಗೆ ವೈರಸ್ ಬರುವುದಿಲ್ಲ ಎಂದು ಜಂಬ ಪಡುತ್ತಿದ್ದವರು ಆಗ ಸ್ವಲ್ಪ ಸುಮ್ಮನಾದರು.

ಆಪರೇಟಿಂಗ್ ಸಿಸ್ಟಂ ತಾನೇ ಮುಂದೆ ಬಂದು ಪ್ಲಗ್-ಇನ್‌ಗೆ ಅಡ್ಡ ನಿಂತದ್ದನ್ನು ಜಗತ್ತು ದೊಡ್ಡದಾಗಿ ನೋಡಿದ್ದು 2013ರ ಜನವರಿಯಲ್ಲಿ. ಜಾವಾದಲ್ಲಿ ಇನ್ನೊಂದು ಗಂಭೀರ ದೋಷ ಹೊರಬಿತ್ತು. ಬ್ರೌಸರ್‌ಗಳಲ್ಲಿ ಜಾವಾ ನಿಲ್ಲಿಸಿ ಎಂದು ಅಮೆರಿಕದ ಗೃಹಭದ್ರತಾ ಇಲಾಖೆಯೇ ಹೇಳಿತು. ಆ್ಯಪಲ್ ಯಾರನ್ನೂ ಕೇಳಲಿಲ್ಲ. ಮ್ಯಾಕ್ ಒಳಗಿರುವ ಎಕ್ಸ್‌ಪ್ರೊಟೆಕ್ಟ್ ಎಂಬ ಪಟ್ಟಿಯಲ್ಲಿ ‘ಇದಕ್ಕಿಂತ ಹಳೆಯ ಜಾವಾ ಪ್ಲಗ್-ಇನ್ ಓಡಬಾರದು’ ಎಂದು ಸಂಖ್ಯೆ ಬದಲಿಸಿತು, ಅಷ್ಟೇ. ರಾತ್ರಿ ಓಡುತ್ತಿದ್ದ ಪ್ಲಗ್-ಇನ್ ಬೆಳಗ್ಗೆ ಓಡಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಹುಡುಕಿದರೆ ಅದಕ್ಕೊಂದು ಗುಂಡಿಯೂ ಇರಲಿಲ್ಲ.

ಆಮೇಲೆ ಜಾವಾ ತಾನೂ ಬಿಗಿಯಾಯಿತು. 2014ರ ಜನವರಿಯ ಜಾವಾ 7 ಅಪ್‌ಡೇಟ್ 51ರಿಂದ, ನಂಬಲರ್ಹ ಸಹಿ ಇಲ್ಲದ ಆ್ಯಪ್ಲೆಟ್‌ಗಳು ತಾವಾಗಿ ನಿಂತುಹೋದವು. ಬೇಕೇಬೇಕು ಅನ್ನುವ ಸೈಟಿನ ವಿಳಾಸವನ್ನು ‘ಎಕ್ಸೆಪ್ಷನ್ ಸೈಟ್ ಲಿಸ್ಟ್’ ಎಂಬ ಪಟ್ಟಿಗೆ ಸೇರಿಸಬೇಕಿತ್ತು. ಅದೇ ವರ್ಷ ಜಾವಾ 8ರ ಅಪ್‌ಡೇಟ್ 20ರಲ್ಲಿ ‘ಮೀಡಿಯಂ’ ಅನ್ನುವ ಆಯ್ಕೆಯನ್ನೇ ತೆಗೆದುಹಾಕಿದರು. ಆದರೂ ‘ಜಾವಾ ಸೆಕ್ಯುರಿಟಿಯನ್ನು ಮೀಡಿಯಂಗೆ ಇಳಿಸಿ’ ಎಂಬ ಸಾಲಿರುವ ಕೈಪಿಡಿಗಳನ್ನು ನಾನು ಅದಾಗಿ ಎಷ್ಟೋ ವರ್ಷಗಳ ಮೇಲೂ ನೋಡಿದ್ದೇನೆ. ಇಲ್ಲದ ಗುಂಡಿಯನ್ನು ಹುಡುಕುತ್ತಾ ಎಷ್ಟು ಜನ ಮಧ್ಯಾಹ್ನ ಕಳೆದಿರಬಹುದು!

ಬ್ರೌಸರ್‌ಗಳ ಕಥೆ ಬೇಗ ಹೇಳಿ ಮುಗಿಸುತ್ತೇನೆ. ಕ್ರೋಮ್ 2015ರ ಸೆಪ್ಟೆಂಬರ್‌ನಲ್ಲಿ ಹಳೆಯ ಪ್ಲಗ್-ಇನ್ ಪದ್ಧತಿಯನ್ನೇ ಕಿತ್ತುಹಾಕಿತು. ಫೈರ್‌ಫಾಕ್ಸ್ 2017ರ ಮಾರ್ಚ್‌ನಲ್ಲಿ ಫ್ಲ್ಯಾಶ್ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕೈಬಿಟ್ಟಿತು. 2018ರ ಜಾವಾ 11ರಲ್ಲಿ ಜಾವಾ ಪ್ಲಗ್-ಇನ್ನೇ ಇಲ್ಲ. ಫ್ಲ್ಯಾಶ್‌ಗೆ ಅಡೋಬಿ 2020ರ ಡಿಸೆಂಬರ್ 31ಕ್ಕೆ ಮಂಗಳ ಹಾಡಿತು. 2022ರ ಜೂನ್ 15ಕ್ಕೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಸರದಿ. ಅಂದಮೇಲೆ ಇವತ್ತು ಯಾರಾದರೂ ‘ಜಾವಾ ಪ್ಲಗ್-ಇನ್ ಎನೇಬಲ್ ಮಾಡಿ’ ಎಂದರೆ, ಕ್ರೋಮ್‌ನಲ್ಲಿ ಎನೇಬಲ್ ಮಾಡಲು ಅಲ್ಲಿ ಏನೂ ಇಲ್ಲ. ‘ಫ್ಲ್ಯಾಶ್ ಅಪ್‌ಡೇಟ್ ಮಾಡಿ’ ಎಂದು ಯಾವ ಪುಟ ಕೇಳಿದರೂ ಅದು ಮೋಸ, ಬೇರೆ ಮಾತೇ ಇಲ್ಲ.

ಹಾಗಾದರೆ ಭಾವನ ಸಹಿಗೆ ಅಡ್ಡ ಬಂದದ್ದು ಏನು? ನಿಜ ಹೇಳಬೇಕೆಂದರೆ ಪ್ಲಗ್-ಇನ್ ಸತ್ತಿಲ್ಲ, ಮನೆ ಬದಲಿಸಿದೆ. ಬ್ರೌಸರ್ ಹೊರಗೆ ಹಾಕಿದ ಮೇಲೆ ಅದು ಒಂದು ಮಾಮೂಲಿ ಪ್ರೋಗ್ರಾಂ ಆಗಿ ವಿಂಡೋಸ್‌ನೊಳಗೇ ಬಿಡಾರ ಹೂಡಿತು. ಕಚೇರಿಗಳಲ್ಲಿ ಇದನ್ನು ಸೈನರ್ ಅಥವಾ ಯುಟಿಲಿಟಿ ಅನ್ನುತ್ತಾರೆ. ಕಂಪ್ಯೂಟರ್ ಆನ್ ಆದಾಗ ಇದೂ ಏಳುತ್ತದೆ, 127.0.0.1 ಎಂಬ ವಿಳಾಸದಲ್ಲಿ ಕಿವಿ ತೆರೆದು ಕೂರುತ್ತದೆ. ಆ ವಿಳಾಸ ಅಂದರೆ ‘ಈ ಯಂತ್ರವೇ’ ಎಂದರ್ಥ. ಜಿಎಸ್‌ಟಿ ಪೋರ್ಟಲ್‌ಗೆ ಬೇಕಾದ ಎಂಸೈನರ್ 1585ನೇ ಪೋರ್ಟಿನಲ್ಲಿ, ಅಂದರೆ ಆ ವಿಳಾಸದ 1585ನೇ ಬಾಗಿಲಲ್ಲಿ, ಹೀಗೆಯೇ ಕೂತಿರುತ್ತದೆ. ವೆಬ್ ಪುಟ ಅದರ ಬಾಗಿಲು ತಟ್ಟಿ ‘ಇದಕ್ಕೊಂದು ಸಹಿ ಹಾಕಿಸಿಕೊಡು’ ಅನ್ನುತ್ತದೆ. ಸೈನರ್ ಟೋಕನ್ ಹತ್ತಿರ ಹೋಗಿ, ಪಿನ್ ಕೇಳಿ, ಸಹಿ ತಂದುಕೊಡುತ್ತದೆ.

ಅಂದರೆ ಪುಟದಿಂದ ಟೋಕನ್ ತನಕ ಈಗ ಮೂರ್ನಾಲ್ಕು ಗೇಟು. ಒಂದೊಂದರ ಮುಂದೂ ಒಬ್ಬ ಕಾವಲುಗಾರ. ಯಾರೇ ತಡೆದರೂ ಪೋರ್ಟಲ್ ಹೇಳುವುದು ಒಂದೇ ಮಾತು: ಸೈನರ್ ಜೊತೆ ಸಂಪರ್ಕ ಆಗುತ್ತಿಲ್ಲ.

ಭಾವನಿಗೆ ಹೇಳಿದೆ, ‘ಇನ್ನೊಂದು ಸಲ ಮೊದಲಿಂದ ಮಾಡಿ. ಏನೇ ಬರಲಿ, ಒತ್ತಬೇಡಿ. ಫೋಟೊ ತೆಗೆದು ಕಳಿಸಿ.’ ಬಂದ ಮೊದಲ ಫೋಟೊದಲ್ಲೇ ಅರ್ಧ ಉತ್ತರ ಇತ್ತು. ಪರದೆ ತುಂಬ ನೀಲಿ, ಅದರ ಮೇಲೆ ‘ವಿಂಡೋಸ್ ಪ್ರೊಟೆಕ್ಟೆಡ್ ಯುವರ್ ಪಿಸಿ’. ಪೋರ್ಟಲ್‌ನವರು ಆ ವಾರ ಸೈನರ್‌ನ ಹೊಸ ಆವೃತ್ತಿ ಬಿಟ್ಟಿದ್ದರು. ಅದನ್ನು ಹಾಕಲು ಹೋದಾಗ ಈ ನೀಲಿ ಪರದೆ. ಅದರಲ್ಲಿ ಎದ್ದು ಕಾಣುವ ಗುಂಡಿ ‘ಡೋಂಟ್ ರನ್’ ಒಂದೇ. ಭಾವ ಓಕೆ ಅಂದುಕೊಂಡು ಒತ್ತಿದ್ದು ಅದನ್ನು! ಸೈನರ್ ಇನ್‌ಸ್ಟಾಲ್ ಆಗಿಯೇ ಇರಲಿಲ್ಲ. ಇನ್ನು ಫೈರ್‌ವಾಲ್ ತೆಗೆದು ಏನು ಪ್ರಯೋಜನ?

ಈ ನೀಲಿ ಪರದೆ ವಿಂಡೋಸ್‌ನ ಕಾವಲುಗಾರ ಸ್ಮಾರ್ಟ್‌ಸ್ಕ್ರೀನ್‌ದು. ಅದು ವೈರಸ್ ಸಿಕ್ಕಿತು ಎಂದು ಹೇಳುತ್ತಿಲ್ಲ, ‘ಈ ಫೈಲನ್ನು ನಾನು ಅಷ್ಟಾಗಿ ನೋಡಿಲ್ಲ’ ಎಂದು ಹೇಳುತ್ತಿದೆ. ಇಂಟರ್ನೆಟ್‌ನಿಂದ ಇಳಿಸಿದ ಫೈಲಿಗೆ ವಿಂಡೋಸ್ ಒಂದು ಅದೃಶ್ಯ ಚೀಟಿ ಅಂಟಿಸುತ್ತದೆ. ಆ ಚೀಟಿ ಇರುವ ಪ್ರೋಗ್ರಾಂ ಓಡಲು ಹೊರಟಾಗ ಅದನ್ನು ಮಾಡಿದವರ ಸಹಿ ಯಾವುದು, ಇದಕ್ಕೆ ಎಷ್ಟು ಹೆಸರಿದೆ ಎಂದು ನೋಡುತ್ತದೆ. ಮೊನ್ನೆ ಬಿಟ್ಟ ಫೈಲಿಗೆ ಹೆಸರು ಎಲ್ಲಿಂದ ಬರಬೇಕು? ‘ಮೋರ್ ಇನ್ಫೋ’ ಎಂಬ ಸಣ್ಣ ಅಕ್ಷರ ಒತ್ತಿದರೆ ಪ್ರಕಾಶಕರ ಹೆಸರು ಕಾಣುತ್ತದೆ, ಕೆಳಗೆ ‘ರನ್ ಎನಿವೇ’ ಬರುತ್ತದೆ. ಹೆಸರಿನ ಜಾಗದಲ್ಲಿ ‘ಅನ್‌ನೋನ್ ಪಬ್ಲಿಷರ್’ ಅಂತಿದ್ದರೆ ನಾನಾದರೆ ಅಲ್ಲಿಗೇ ನಿಲ್ಲುತ್ತೇನೆ. ಭಾವನ ಫೋಟೊದಲ್ಲಿ ಕಂಪನಿಯ ಹೆಸರು ಸರಿಯಾಗಿತ್ತು, ಫೈಲ್ ಇಳಿಸಿದ್ದೂ ಪೋರ್ಟಲ್‌ನಿಂದಲೇ. ಒತ್ತಿ ಅಂದೆ. ಇನ್‌ಸ್ಟಾಲ್ ಆಯಿತು. ಗಂಟೆ ಮೂರು ಹತ್ತು.

ಮತ್ತೆ ಸಂಪರ್ಕ ಆಗಲಿಲ್ಲ. ಎರಡನೇ ಫೋಟೊ ಬಂತು: ಬ್ರೌಸರ್‌ನೊಳಗೆ, ಸರ್ಟಿಫಿಕೇಟ್ ಸರಿಯಿಲ್ಲ ಎಂಬ ಕೆಂಪು ತ್ರಿಕೋನ. ಈಗ ಬೇಡ ಅಂದವನು ವಿಂಡೋಸ್ ಅಲ್ಲ, ಬ್ರೌಸರ್. ಪೋರ್ಟಲ್ ಎಚ್‌ಟಿಟಿಪಿಎಸ್ ಎಂಬ ಭದ್ರ ಸಂಪರ್ಕದಲ್ಲಿರುವುದರಿಂದ ಸೈನರ್ ಕೂಡ ಗುರುತಿನ ಚೀಟಿಯಂಥ ತನ್ನದೊಂದು ಸರ್ಟಿಫಿಕೇಟ್ ತೋರಿಸಿ ಮಾತಾಡುತ್ತದೆ. ಸೈನರ್ ಅದನ್ನು ತಾನೇ ಬರೆದುಕೊಂಡಿರುತ್ತದೆ, ಬ್ರೌಸರ್‌ಗೆ ಗುರುತಿಲ್ಲ. 127.0.0.1 ವಿಳಾಸವನ್ನು ಬೇರೆ ಟ್ಯಾಬಿನಲ್ಲಿ ತೆರೆದು, ‘ಅಡ್ವಾನ್ಸ್ಡ್’ ಒತ್ತಿ, ಒಂದು ಸಲ ಒಪ್ಪಿಕೊಳ್ಳಬೇಕು. ಇದನ್ನು ನಿಮ್ಮದೇ ಯಂತ್ರದ ವಿಳಾಸಕ್ಕೆ ಮಾತ್ರ ಮಾಡಿ, ಬ್ಯಾಂಕಿನ ಸೈಟಿಗೆ ಈ ಕೆಂಪು ತ್ರಿಕೋನ ಬಂದರೆ ಟ್ಯಾಬ್ ಮುಚ್ಚಿ ಎದ್ದುಬಿಡಿ. ಎಚ್‌ಟಿಟಿಪಿಎಸ್ ಸ್ಕ್ಯಾನ್ ಮಾಡುವ ಕೆಲವು ಆಂಟಿವೈರಸ್‌ಗಳು ನಡುವೆ ತಮ್ಮದೇ ಸರ್ಟಿಫಿಕೇಟ್ ತೂರಿಸಿ ಇಲ್ಲಿ ಗೊಂದಲ ಮಾಡುವುದೂ ಉಂಟು. ಹಾಗಿದ್ದರೂ ಆ ಒಂದು ಆಯ್ಕೆ ನಿಲ್ಲಿಸಿದರೆ ಸಾಕು, ಇಡೀ ಆಂಟಿವೈರಸ್ ಮಲಗಿಸಬೇಕಿಲ್ಲ.

ಮೂರನೆಯದು ತಮಾಷೆ. ಈ ಸಲ ಬೇಡ ಅಂದವರು ಭಾವನೇ. 2025ರ ಕೊನೆಯಲ್ಲಿ ಬಂದ ಕ್ರೋಮ್ 142ರಿಂದ, ಯಾವುದಾದರೂ ವೆಬ್‌ಸೈಟ್ ನಿಮ್ಮ ಯಂತ್ರದೊಳಗಿನ ಅಥವಾ ಮನೆಯ ವೈಫೈನಲ್ಲಿರುವ ಸಾಧನವನ್ನು ಮುಟ್ಟಲು ಹೋದರೆ ಬ್ರೌಸರ್ ನಿಮ್ಮನ್ನು ಕೇಳುತ್ತದೆ. ವಿಳಾಸಪಟ್ಟಿಯ ಕೆಳಗೆ ಒಂದು ಸಣ್ಣ ಪೆಟ್ಟಿಗೆ, ಅದರಲ್ಲಿ ‘ಅಲೋ’ ಮತ್ತು ‘ಬ್ಲಾಕ್’. ಯಾವುದೋ ನೋಟಿಫಿಕೇಶನ್ ಕಾಟ ಅಂದುಕೊಂಡು ಭಾವ ಬ್ಲಾಕ್ ಒತ್ತಿದ್ದರು. ಒಮ್ಮೆ ಒತ್ತಿದರೆ ಮುಗಿಯಿತು, ಮತ್ತೆ ಕೇಳುವುದಿಲ್ಲ. ವಿಳಾಸದ ಎಡಗಡೆಯ ಗುರುತು ಒತ್ತಿ, ಸೈಟ್ ಸೆಟ್ಟಿಂಗ್ಸ್‌ಗೆ ಹೋಗಿ, ‘ಲೋಕಲ್ ನೆಟ್‌ವರ್ಕ್’ ಅನುಮತಿ ಕೊಡಿಸಿದೆ. ಪಿನ್ ಕೇಳುವ ಪೆಟ್ಟಿಗೆ ಟಕ್ಕಂತ ಬಂತು.

ಮೂರೂವರೆಗೆ ಬಿಡ್ ಹೋಯಿತು.

ಬ್ರೌಸರ್‌ಗೆ ಈ ಅನುಮಾನ ಯಾಕೆ ಬೇಕಿತ್ತು, ಸುಮ್ನೆ ಜನರಿಗೆ ಕಷ್ಟ ಅಲ್ವಾ ಎಂದು ಅನ್ನಿಸಬಹುದು. ಕಾರಣ ಇದೆ. ಯಂತ್ರದೊಳಗೆ ಕಿವಿ ತೆರೆದು ಕೂತ ಪ್ರೋಗ್ರಾಂಗೆ ಬಾಗಿಲು ತಟ್ಟಿದ್ದು ಯಾರು ಎಂಬುದು ತಾನಾಗಿ ತಿಳಿಯುವುದಿಲ್ಲ. ತಟ್ಟಿದವರನ್ನು ವಿಚಾರಿಸುವಂತೆ ಅದನ್ನು ಬರೆದಿರಬೇಕು. 2019ರ ಜುಲೈನಲ್ಲಿ ಜೂಮ್ ಮ್ಯಾಕ್‌ಗಳಲ್ಲಿ ಹೀಗೊಂದು ಗುಟ್ಟಿನ ಸರ್ವರ್ ಇಟ್ಟಿದ್ದು ಬಯಲಾಯಿತು. ಯಾವುದೇ ವೆಬ್ ಪುಟ ಅದನ್ನು ತಟ್ಟಿ ನಿಮ್ಮನ್ನು ಕ್ಯಾಮೆರಾ ಸಮೇತ ಮೀಟಿಂಗ್‌ಗೆ ಎಳೆಯಬಹುದಿತ್ತು. ಜೂಮ್ ತೆಗೆದುಹಾಕಿದರೂ ಆ ಸರ್ವರ್ ಉಳಿಯುತ್ತಿತ್ತು. ಕೊನೆಗೆ ಆ್ಯಪಲ್ ಸದ್ದಿಲ್ಲದೆ ಒಂದು ಅಪ್‌ಡೇಟ್ ಕಳಿಸಿ ಅದನ್ನು ಕಿತ್ತಿತು. 2025ರ ಜೂನ್‌ನಲ್ಲಿ ಸಂಶೋಧಕರು ಇನ್ನೊಂದನ್ನು ಹಿಡಿದರು: ಆಂಡ್ರಾಯ್ಡ್ ಫೋನ್‌ಗಳಲ್ಲಿ ಫೇಸ್‌ಬುಕ್‌ನ ಒಡೆಯ ಮೆಟಾ ಮತ್ತು ರಷ್ಯಾದ ಯಾಂಡೆಕ್ಸ್ ಕಂಪನಿಗಳ ಆ್ಯಪ್‌ಗಳು ಇದೇ ಒಳವಿಳಾಸದಲ್ಲಿ ಕೂತು, ನೀವು ಬ್ರೌಸರ್‌ನಲ್ಲಿ ನೋಡಿದ್ದನ್ನು ನಿಮ್ಮ ಗುರುತಿಗೆ ಜೋಡಿಸುತ್ತಿದ್ದವು. ಸುದ್ದಿ ಹೊರಬಿದ್ದ ಮೇಲೆ ನಿಲ್ಲಿಸಿದವು.

ಮ್ಯಾಕ್‌ನಲ್ಲಿ ಕಾವಲುಗಾರ ಬೇರೆ, ಹೆಸರು ಗೇಟ್‌ಕೀಪರ್. 2012ರಿಂದ ಇದ್ದಾನೆ, ವರ್ಷ ಕಳೆದಂತೆ ಗಡಸಾಗಿದ್ದಾನೆ. ತಯಾರಕರು ಪ್ರೋಗ್ರಾಮನ್ನು ಆ್ಯಪಲ್‌ಗೆ ಕಳಿಸಿ, ತಪಾಸಣೆ ಮಾಡಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ಮುದ್ರೆ ಇಲ್ಲದಿದ್ದರೆ ‘ಇದರಲ್ಲಿ ದುಷ್ಟ ತಂತ್ರಾಂಶ ಇಲ್ಲವೆಂದು ಖಚಿತಪಡಿಸಲು ಆಗಲಿಲ್ಲ’ ಎಂಬರ್ಥದ ಪೆಟ್ಟಿಗೆ ಬರುತ್ತದೆ. ಮೊದಲೆಲ್ಲ ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿ ‘ಓಪನ್’ ಅಂದರೆ ಆಗುತ್ತಿತ್ತು. 2024ರ ಸಿಕೋಯಾ ಆವೃತ್ತಿಯಲ್ಲಿ ಆ ಅಡ್ಡದಾರಿ ಮುಚ್ಚಿದರು. ಈಗ ಸಿಸ್ಟಂ ಸೆಟ್ಟಿಂಗ್ಸ್‌ನ ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’ಗೆ ಹೋಗಿ, ಕೆಳಗೆ ಇಳಿದು ‘ಓಪನ್ ಎನಿವೇ’ ಒತ್ತಬೇಕು. ಆದರೆ ಆ ಗುಂಡಿ ಯಾವಾಗಲೂ ಅಲ್ಲಿ ಇರುವುದಿಲ್ಲ. ಪ್ರೋಗ್ರಾಂ ತೆರೆಯಲು ಯತ್ನಿಸಿದ ಮೇಲೆ ಸುಮಾರು ಒಂದು ಗಂಟೆ ಮಾತ್ರ ಇರುತ್ತದೆ. ಬೆಳಗ್ಗೆ ಪೆಟ್ಟಿಗೆ ನೋಡಿ, ಊಟ ಮುಗಿಸಿ ಬಂದು ಹುಡುಕಿದರೆ ಸಿಗುವುದಿಲ್ಲ. ನಾನು ನನ್ನದೇ ಮ್ಯಾಕ್‌ನಲ್ಲಿ ಇದಕ್ಕೆ ಒಂದು ಸಂಜೆ ಕಳೆದೆ. ಮತ್ತೊಮ್ಮೆ ತೆರೆಯಲು ಯತ್ನಿಸಿ, ಕೂಡಲೇ ಹೋಗಿ ನೋಡಬೇಕು.

ಮುದ್ರೆ ಇದ್ದರೆ ಎಲ್ಲ ಸರಿ ಅಂತಲೂ ಅಲ್ಲ. 2020ರಲ್ಲಿ ಫ್ಲ್ಯಾಶ್ ಅಪ್‌ಡೇಟ್ ವೇಷದಲ್ಲಿ ಬರುತ್ತಿದ್ದ ಶ್ಲೇಯರ್ ಎಂಬ ದುಷ್ಟ ತಂತ್ರಾಂಶಕ್ಕೇ ಆ್ಯಪಲ್ ತಪ್ಪಿ ಮುದ್ರೆ ಒತ್ತಿಬಿಟ್ಟಿತ್ತು.

ಇನ್ನೂ ಕೆಲವು ಬೀಗಗಳಿವೆ. ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಿಟ್ಟು ಬೇರೆಲ್ಲೂ ಓಡದ ಹಳೆಯ ಸೈಟಾದರೆ ಮೈಕ್ರೋಸಾಫ್ಟಿನ ಎಡ್ಜ್ ಬ್ರೌಸರ್‌ನಲ್ಲಿ ಅದರಂತೆ ನಡೆಯುವ ಐಇ ಮೋಡ್ ಇದೆ. ಆದರೆ ಅಲ್ಲಿ ನೀವು ಸೇರಿಸಿದ ವಿಳಾಸ 30 ದಿನಕ್ಕೆ ತಾನಾಗಿ ಅಳಿಸಿಹೋಗುತ್ತದೆ. ‘ಹೋದ ತಿಂಗಳು ಆಗಿತ್ತು, ಈ ತಿಂಗಳು ಆಗ್ತಿಲ್ಲ’ ಎನ್ನುವವರಿಗೆ ನಾನು ಮೊದಲು ಕೇಳುವುದು ಇದನ್ನೇ. ಕೆಲವು ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳು ವಿಂಡೋಸ್‌ನ ಎಸ್ ಮೋಡ್‌ನಲ್ಲಿ ಬರುತ್ತವೆ. ಅದರಲ್ಲಿ ಮೈಕ್ರೋಸಾಫ್ಟ್ ಸ್ಟೋರ್‌ನ ಆ್ಯಪ್ ಬಿಟ್ಟು ಬೇರೇನೂ ಓಡುವುದಿಲ್ಲ, ಸೈನರ್ ಅಂತೂ ಇಲ್ಲವೇ ಇಲ್ಲ. ಎಸ್ ಮೋಡ್‌ನಿಂದ ಹೊರಬರುವುದು ಉಚಿತ, ಆದರೆ ಹೊರಬಂದರೆ ವಾಪಸ್ ಹೋಗುವ ದಾರಿ ಇಲ್ಲ. ಇನ್ನು ಬ್ರೌಸರ್ ಮೆನುವಿನಲ್ಲಿ ‘ಸಂಸ್ಥೆಯಿಂದ ನಿರ್ವಹಿಸಲಾಗುತ್ತಿದೆ’ ಎಂಬ ಸಾಲು ಕಂಡರೆ ಬೀಗ ಆಫೀಸಿನ ಐಟಿ ವಿಭಾಗದ್ದು. ಅವರಿಗೆ ಮೇಲ್ ಹಾಕಿ.

ಇಷ್ಟೆಲ್ಲ ಹೇಳಿದ ಮೇಲೂ ನನಗೆ ಸಿಟ್ಟಿರುವುದು ಈ ಕಾವಲುಗಾರರ ಮೇಲಲ್ಲ. ಅವರು ತಮ್ಮ ಕೆಲಸ ಮಾಡುತ್ತಿದ್ದಾರೆ. ಸಿಟ್ಟು ‘ಎಲ್ಲ ಆಫ್ ಮಾಡಿ’ ಅನ್ನುವ ಕೈಪಿಡಿಯ ಮೇಲೆ. ಬ್ಯಾಂಕಿನವರು ಎಂದು ಫೋನ್ ಮಾಡಿ ಖಾತೆ ಬರಿದು ಮಾಡುವವರು ಹೇಳುವುದೂ ಇದನ್ನೇ ಅಲ್ವಾ? ಆಂಟಿವೈರಸ್ ನಿಲ್ಲಿಸಿ, ಈ ಆ್ಯಪ್ ಹಾಕಿ, ಬಂದದ್ದಕ್ಕೆಲ್ಲ ಯೆಸ್ ಒತ್ತಿ. ಅಧಿಕೃತ ಹೆಲ್ಪ್‌ಡೆಸ್ಕ್ ಇದೇ ಪಾಠ ಕಲಿಸಿದ ಮೇಲೆ ಜನ ಕಳ್ಳನ ಮಾತನ್ನು ಹೇಗೆ ಬೇರೆ ಅಂತ ಗುರುತಿಸಬೇಕು? ಸೈನರ್‌ಗೆ ಸರಿಯಾದ ಸಹಿ, ಮ್ಯಾಕ್‌ಗೆ ಬೇಕಾದ ಮುದ್ರೆ, ‘ಯಾವ ಗೇಟಿನಲ್ಲಿ ನಿಂತಿದೆ’ ಎಂದು ಹೇಳುವ ಒಂದು ಸಂದೇಶ, ಇವೆಲ್ಲ ತಯಾರಕರ ಕೆಲಸ. ಅದನ್ನು ಬಿಡ್ ಹಾಕುವವರ ತಲೆಗೆ ಕಟ್ಟಿದ್ದಾರೆ.

ದಕ್ಷಿಣ ಕೊರಿಯಾದಲ್ಲಿ ಇದು ಇನ್ನೂ ಜಾಸ್ತಿ ಆಗಿತ್ತು. 1999ರ ಕಾನೂನಿನಿಂದ ಬಂದ ಅಧಿಕೃತ ಡಿಜಿಟಲ್ ಸಹಿ ಆ್ಯಕ್ಟಿವ್‌ಎಕ್ಸ್‌ಗೆ ಕಟ್ಟಿಬಿದ್ದು, ಬ್ಯಾಂಕಿಂಗ್ ಮತ್ತು ಆನ್‌ಲೈನ್ ಖರೀದಿ ವರ್ಷಗಟ್ಟಲೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಿಟ್ಟು ಕದಲಲಿಲ್ಲ. ಬಂದ ಪೆಟ್ಟಿಗೆಗೆಲ್ಲ ಯೆಸ್ ಒತ್ತುವುದು ಅಲ್ಲಿನವರಿಗೆ ಅಭ್ಯಾಸವಾಯಿತು. ಆ ಸಹಿಯ ವಿಶೇಷ ಸ್ಥಾನ ಹೋದದ್ದು 2020ರ ಡಿಸೆಂಬರ್‌ನಲ್ಲಿ. ನಮ್ಮಲ್ಲಿ ಪ್ಲಗ್-ಇನ್ ಬೇಡದ ದಾರಿ 2015ರಿಂದಲೇ ಇದೆ: ಆಧಾರ್ ಒಟಿಪಿ ಮೇಲೆ ನಡೆಯುವ ಇ-ಸೈನ್. ಸಹಿ ಸರ್ವರ್‌ನಲ್ಲೇ ಬೀಳುತ್ತದೆ, ಟೋಕನ್ ಬೇಡ, ಸೈನರ್ ಬೇಡ. ಟೋಕನ್‌ನಲ್ಲಿ ಸಹಿ ಹಾಕುವ ಗುಪ್ತ ಕೀಲಿ ನಮ್ಮ ಕೈಯಲ್ಲೇ ಇರುತ್ತದೆ, ಅದು ದೊಡ್ಡ ಮಾತು, ಹಾಗಾಗಿ ದೊಡ್ಡ ವ್ಯವಹಾರಕ್ಕೆ ಟೋಕನ್ ಬೇಕು ಅನ್ನುವುದನ್ನು ಒಪ್ಪುತ್ತೇನೆ. ಆದರೆ ಚರಂಡಿಯ ಟೆಂಡರಿಗೂ ಅದೇ ಬೇಕಾ?

ತಿಂಗಳ ನಂತರ ಭಾವನ ಮನೆಗೆ ಹೋಗಿದ್ದೆ. ಕಾಫಿ ಬರುವಷ್ಟರಲ್ಲಿ ಲ್ಯಾಪ್‌ಟಾಪ್ ತೆಗೆದು ನೋಡಿದೆ. ಫೈರ್‌ವಾಲ್ ಆಫ್. ಆಂಟಿವೈರಸ್ ಆಫ್. ಯಾವುದಕ್ಕೂ ಬೇಕಿಲ್ಲದ ಜಾವಾ ಹಾಗೇ ಕೂತಿದೆ. ಟೋಕನ್ ಕೂಡ ಚುಚ್ಚಿದ್ದು ಚುಚ್ಚಿದ ಹಾಗೇ ಇತ್ತು, ಮೇಲೆ ಸಣ್ಣ ಚೀಟಿ ಅಂಟಿಸಿ ಪಿನ್ ಬರೆದಿಟ್ಟಿದ್ದರು.

ಎರಡನ್ನೂ ಆನ್ ಮಾಡಿದೆ, ಜಾವಾ ತೆಗೆದೆ. ಭಾವ ಗಾಬರಿಯಾದರು. ‘ಏಯ್, ಮುಟ್ಟಬೇಡಪ್ಪಾ, ನಾಡಿದ್ದು ಇನ್ನೊಂದು ಬಿಡ್ ಇದೆ.’

ಯಂತ್ರ ತನ್ನೊಳಗೇ ಮಾತಾಡಿಕೊಂಡರೆ ವಿಂಡೋಸ್ ಫೈರ್‌ವಾಲ್ ಸಾಮಾನ್ಯವಾಗಿ ಅಡ್ಡ ಬರುವುದಿಲ್ಲ ಎಂದು ವಿವರಿಸಲು ಹೋಗಲಿಲ್ಲ. ಪೋರ್ಟಲ್ ತೆರೆದು ಲಾಗಿನ್ ಒತ್ತಿ ತೋರಿಸಿದೆ. ಪಿನ್ ಪೆಟ್ಟಿಗೆ ಬಂತು. ಅವರು ಚೀಟಿ ನೋಡಿ ಪಿನ್ ಹೊಡೆದರು.